ಚಂದ್ರಶೇಖರ್‌ಗೆ ‘ಹಾಲ್ ಆಫ್ ಫೇಮ್’ ಗೌರವ ಸಲ್ಲಬೇಕೇ?

ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರ್ ಭಾರತ ಕಂಡ ಶ್ರೇಷ್ಠ ಲೆಗ್ ಸ್ಪಿನ್ನರ್‌ಗಳಲ್ಲಿ ಒಬ್ಬರು. 1945ರ ಮೇ 17ರಂದು ಮೈಸೂರಿನಲ್ಲಿ ಜನಿಸಿದರು. ಬಾಲ್ಯದಲ್ಲೇ ಪೋಲಿಯೊ ತಗುಲಿ ಬಲಗೈ ಕೃಶವಾಯಿತು. ಕ್ಷೇತ್ರರಕ್ಷಣೆಯಲ್ಲಿ ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದ ಅವರು, ಬೌಲಿಂಗ್‌ಗೆ ಮಾತ್ರ ಆ ದುರ್ಬಲ ಬಲಗೈಯನ್ನೇ ನೆಚ್ಚಿದರು. ವೇಗವಾಗಿ ನುಗ್ಗುವ ಗೂಗ್ಲಿ ಮತ್ತು ಟಾಪ್ ಸ್ಪಿನ್ ಎಸೆತಗಳು ಅವರ ಅಸ್ತ್ರಗಳಾಗಿದ್ದವು.

ಸಾಧನೆ

1964ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಮುಂಬೈಯಲ್ಲಿ ಪದಾರ್ಪಣೆ ಮಾಡಿದ ಚಂದ್ರಶೇಖರ್, 1979ರವರೆಗೆ 58 ಟೆಸ್ಟ್‌ಗಳಲ್ಲಿ 29.74ರ ಸರಾಸರಿಯಲ್ಲಿ 242 ವಿಕೆಟ್ ಗಳಿಸಿದರು. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101 ರನ್ನಿಗೆ ಕುಸಿಯುವಂತೆ ಮಾಡಿದರು. ಆ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಜಯ ಹಾಗೂ ಮೊದಲ ಸರಣಿ ಜಯ ಅದರಿಂದಲೇ ಸಾಧ್ಯವಾಯಿತು. 1972–73ರ ಇಂಗ್ಲೆಂಡ್ ಸರಣಿಯಲ್ಲಿ 35 ವಿಕೆಟ್ ಪಡೆದರು. ಆಸ್ಟ್ರೇಲಿಯದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ದಕ್ಕಿದ 1977–78ರ ಮೆಲ್ಬರ್ನ್ ಪಂದ್ಯದ ಎರಡೂ ಇನಿಂಗ್ಸ್‌ಗಳಲ್ಲಿ ತಲಾ 52 ರನ್ನಿಗೆ 6 ವಿಕೆಟ್ ಉರುಳಿಸಿದರು. ಅರ್ಜುನ ಮತ್ತು ಪದ್ಮಶ್ರೀ ಪುರಸ್ಕಾರಗಳು ಅವರಿಗೆ ಸಂದಿವೆ.

ಗೌರವದ ಪ್ರಶ್ನೆ

ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯು 2009ರಲ್ಲಿ ‘ಹಾಲ್ ಆಫ್ ಫೇಮ್’ ಆರಂಭಿಸಿತು. ಸ್ಪಿನ್ ಚತುಷ್ಟಯದ ಪೈಕಿ ಬಿಷನ್ ಸಿಂಗ್ ಬೇಡಿ ಅದೇ ವರ್ಷ ಸೇರ್ಪಡೆಯಾದರು. ಕನ್ನಡಿಗರಾದ ಅನಿಲ್ ಕುಂಬ್ಳೆ 2015ರಲ್ಲಿ, ರಾಹುಲ್ ದ್ರಾವಿಡ್ 2018ರಲ್ಲಿ ಆ ಗೌರವಕ್ಕೆ ಪಾತ್ರರಾದರು. 2025ರ ಪಟ್ಟಿಯವರೆಗೂ ಚಂದ್ರಶೇಖರ್ ಹೆಸರು ಅದರಲ್ಲಿ ಕಾಣಿಸಿಲ್ಲ.

ಅವರ ವಿರುದ್ಧ ಹೇಳಬಹುದಾದ ಮಾತುಗಳೂ ಇವೆ. ಲಯ ತಪ್ಪಿದ ದಿನ ಅವರು ಧಾರಾಳವಾಗಿ ರನ್ ನೀಡುತ್ತಿದ್ದರು. ಟೆಸ್ಟ್‌ಗಳಲ್ಲಿ ಗಳಿಸಿದ ಒಟ್ಟು ರನ್ 167, ಅಂದರೆ ಪಡೆದ ವಿಕೆಟ್‌ಗಳಿಗಿಂತಲೂ ಕಡಿಮೆ. ಆದರೆ ಬೌಲರನನ್ನು ಅಳೆಯಬೇಕಾದುದು ಬೌಲಿಂಗ್‌ನಿಂದಲೇ. 2022ರಲ್ಲಿ ಸೇರ್ಪಡೆಯಾದ ಪಾಕಿಸ್ತಾನದ ಲೆಗ್ ಸ್ಪಿನ್ನರ್ ಅಬ್ದುಲ್ ಖಾದಿರ್ 67 ಟೆಸ್ಟ್‌ಗಳಲ್ಲಿ 32.80ರ ಸರಾಸರಿಯಲ್ಲಿ 236 ವಿಕೆಟ್ ಪಡೆದವರು. ಚಂದ್ರಶೇಖರ್ ಒಂಬತ್ತು ಟೆಸ್ಟ್ ಕಡಿಮೆ ಆಡಿ, ಕಡಿಮೆ ಸರಾಸರಿಯಲ್ಲಿ, ಆರು ವಿಕೆಟ್ ಹೆಚ್ಚು ಗಳಿಸಿದ್ದಾರೆ. ಒಂದು ವಿಕೆಟ್‌ಗೆ ಅವರಿಗೆ ಬೇಕಾದ ಎಸೆತಗಳು ಸುಮಾರು 66. ಕುಂಬ್ಳೆ ಅವರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಬೇಡಿ ಅವರಿಗೆ ಸುಮಾರು 80 ಎಸೆತ ಬೇಕಾದವು.

ಅಂಕಿ ಅಂಶಗಳ ಆಧಾರದ ಮೇಲೆ ಚಂದ್ರಶೇಖರ್ ಅವರನ್ನು ಹೊರಗಿಡಲು ಕಾರಣ ಕಾಣದು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯಂಥ ಊರುಗಳ ಮೈದಾನದಂಚಿನಲ್ಲಿ ಅಂಗವೈಕಲ್ಯದಿಂದಾಗಿ ಆಟಕ್ಕೆ ಸೇರಲು ಹಿಂಜರಿದು ನಿಂತ ಬಾಲಕನಿಗೆ ಈ ಹೆಸರು ಹೇಳುವಷ್ಟು ಧೈರ್ಯವನ್ನು ಬೇರೆ ಹೆಸರು ಹೇಳಲಾರದು. ಗೌರವವು ತಡವಾಗಿಯಾದರೂ ಸಲ್ಲುವುದು ನ್ಯಾಯ.