ಅಭಿಜಾತವಲ್ಲದ ಬೆಳಕು: ಅದರ ಲಕ್ಷಣವೂ ಉತ್ಪತ್ತಿಯೂ

ಸಾಹಿತ್ಯದಲ್ಲಿ 'ಅಭಿಜಾತ'ವೆಂಬ ಶಬ್ದವು ಉತ್ಕೃಷ್ಟತೆಯನ್ನು ಸೂಚಿಸುವುದು. ಭೌತಶಾಸ್ತ್ರದಲ್ಲಿಯಾದರೋ ಕ್ವಾಂಟಂ ವಾದಕ್ಕೆ ಪೂರ್ವದ ಸಿದ್ಧಾಂತಗಳಿಗೆ ಆ ಹೆಸರು ಸಲ್ಲುವುದು. ಬೆಳಕನ್ನು ಕೇವಲ ತರಂಗವೆಂದೆಣಿಸಿದಾಗ ಯಾವುದರ ವರ್ತನೆಯು ವಿವರಣೆಗೆ ಒಳಪಡದೋ ಅದೇ ಅಭಿಜಾತವಲ್ಲದ ಬೆಳಕು. ಅದರ ಲಕ್ಷಣವು ಯಾರಿಂದ ದೊರೆಯಿತು, ಉತ್ಪತ್ತಿಯು ಹೇಗಾಯಿತು ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಯಾವ ಬೆಳಕನ್ನಾದರೂ ಸುಸಂಗತ ಸ್ಥಿತಿಗಳ ಮಿಶ್ರಣವೆಂಬಂತೆ ಬರೆಯಬಹುದೆಂದು 1963ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿದ್ದ ಇ. ಸಿ. ಜಿ. ಸುದರ್ಶನರು ತೋರಿಸಿದರು. ಸುಸಂಗತ ಸ್ಥಿತಿಯೆಂದರೆ ಉತ್ತಮವಾದ ಲೇಸರಿನ ಬೆಳಕಿನಂಥದು. ಹೊಳನಗದ್ದೆಯ ಕಡಲತಡಿಗೆ ಒಂದೇ ಅಳತೆಯಲ್ಲಿ ಬರುವ ತೆರೆಗಳ ಸಾಲನ್ನು ಇದಕ್ಕೆ ಹೋಲಿಸಬಹುದು. ಮಿಶ್ರಣದ ತೂಕಗಳು ಸಂಭವನೀಯತೆಗಳಂತೆ ಎಲ್ಲಿಯೂ ಋಣವಾಗದಿದ್ದರೆ ಆ ಬೆಳಕು ಅಭಿಜಾತ. ಋಣವಾದರೆ ಅದಕ್ಕೆ ತರಂಗವಾದದಲ್ಲಿ ಸ್ಥಾನವಿಲ್ಲ. ಸುದರ್ಶನರ ಲೇಖನದ ಶೀರ್ಷಿಕೆಯಲ್ಲಿ 'ಸಮಾನತೆ'ಯೆಂಬ ಮಾತಿರುವುದರಿಂದ ಎರಡು ವರ್ಣನೆಗಳಿಗೂ ಭೇದವೇ ಇಲ್ಲವೆಂದು ತಿಳಿಯಲಾಗದು. ಭೇದವೆಲ್ಲವೂ ಆ ಋಣಚಿಹ್ನೆಯಲ್ಲಿಯೇ ಅಡಗಿದೆ.

2005ರ ನೊಬೆಲ್ ಪಾರಿತೋಷಕದ ಅರ್ಧಭಾಗವು ರಾಯ್ ಗ್ಲೌಬರರಿಗೆ ಸಂದಾಗ ಸುದರ್ಶನರು ಬಹಿರಂಗವಾಗಿ ಆಕ್ಷೇಪಿಸಿದರು. ಸುಸಂಗತತೆಯ ಕ್ವಾಂಟಂ ಸಿದ್ಧಾಂತವನ್ನು ಕಟ್ಟಿದ ಕೀರ್ತಿಯು ಗ್ಲೌಬರರದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸರ್ವವ್ಯಾಪಿಯಾದ ಈ ಸೂತ್ರದಲ್ಲಿ ಸುದರ್ಶನರ ಪಾಲನ್ನು ಮರೆಯುವುದು ನ್ಯಾಯವಲ್ಲ. ಇದನ್ನು ಇಬ್ಬರ ಹೆಸರಿನಿಂದಲೂ ಕರೆಯುವ ರೂಢಿಯೇ ಯುಕ್ತವಾದುದು.

1972ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುದರ್ಶನರ ನೇತೃತ್ವದಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರವು ಸ್ಥಾಪಿತವಾಯಿತು. ಅದೇ ಸಂಸ್ಥೆಯ ಎನ್. ಮುಕುಂದರು ಆರ್. ಸೈಮನ್ ಮತ್ತು ಬಿಸ್ವದೇಬ್ ದತ್ತರೊಡನೆ 1994ರಲ್ಲಿ, ಅನೇಕ ವಿಧಾನಗಳುಳ್ಳ ಬೆಳಕು ಸಂಕುಚಿತವೋ ಅಲ್ಲವೋ ಎಂಬುದನ್ನು ನಿರ್ಣಯಿಸುವ ಒರೆಗಲ್ಲನ್ನು ಒದಗಿಸಿದರು. ಏರಿಳಿತವು ಶೂನ್ಯಾವಕಾಶದ ಮಟ್ಟಕ್ಕಿಂತ ಒಂದು ದಿಕ್ಕಿನಲ್ಲಿ ಕಡಮೆಯಾಗಿರುವುದೇ ಸಂಕುಚಿತ ಬೆಳಕಿನ ಗುರುತು.

ಉತ್ಪತ್ತಿಯ ಚರಿತ್ರೆಯು ಬಹುಮಟ್ಟಿಗೆ ಹೊರದೇಶಗಳದು. 1977ರಲ್ಲಿ ಕಿಂಬಲ್, ಡಾಜೆನೆ, ಮ್ಯಾಂಡೆಲ್ ಎಂಬವರು ಸೋಡಿಯಂ ಪರಮಾಣುಗಳಿಂದ ಫೋಟಾನುಗಳು ಗುಂಪಾಗದೆ ಬಿಡಿಬಿಡಿಯಾಗಿ ಹೊರಡುವುದನ್ನು ಕಂಡರು. 1985ರಲ್ಲಿ ಸ್ಲಷರ್ ಮತ್ತು ಸಂಗಡಿಗರು ಸಂಕುಚಿತ ಬೆಳಕನ್ನು ಪಡೆದರು. ಹೈದರಾಬಾದಿನಲ್ಲಿದ್ದ ಜಿ. ಎಸ್. ಅಗರ್ವಾಲ್ ಮತ್ತು ಕೆ. ತಾರಾ ಅವರು 1991ರಲ್ಲಿ ಸುಸಂಗತ ಸ್ಥಿತಿಗೆ ಫೋಟಾನನ್ನು ಕೂಡಿಸಿದರೆ ಅದು ಅಭಿಜಾತತೆಯನ್ನು ಕಳೆದುಕೊಳ್ಳುವುದೆಂದು ಗಣಿತದಿಂದ ತೋರಿಸಿದರು. ಇದನ್ನು 2004ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಪ್ರಯೋಗದಿಂದ ಸಾಧಿಸಲಾಯಿತು: ಸ್ಫಟಿಕದಲ್ಲಿ ಒಂದು ಫೋಟಾನು ಎರಡಾಗಿ ಒಡೆಯುವಾಗ, ಜೋಡಿಯಲ್ಲಿ ಒಂದು ದೊರೆತರೆ ಇನ್ನೊಂದು ಲೇಸರಿನ ಬೆಳಕಿಗೆ ಸೇರಿತೆಂದು ನಿಶ್ಚಯವಾಗುವುದು.

1948ರಲ್ಲಿ ಸ್ಥಾಪಿತವಾದ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಈಗ ಇಂಥ ಸ್ಫಟಿಕಗಳಿಂದಲೇ ಫೋಟಾನು ಜೋಡಿಗಳನ್ನು ಪಡೆಯುತ್ತಿರುವರು. ಲಕ್ಷಣವನ್ನು ವಿಚಾರಿಸಿದ ಊರಿನಲ್ಲಿಯೇ ಲಕ್ಷ್ಯವೂ ದೊರೆಯುವಂತಾದುದನ್ನು ಈ ಚರಿತ್ರೆಯ ಮುಖ್ಯಾಂಶಗಳಲ್ಲಿ ಒಂದೆಂದು ಭಾವಿಸಬೇಕಾಗಿದೆ.