ಮಂಜಿನ ಹಾದಿಯಲ್ಲಿ ಹಾಲಿನ ವ್ಯಾನು

ರಜತ ಮಹೋತ್ಸವದ ಸಂಚಿಕೆಯಲ್ಲಿ ಅಧ್ಯಕ್ಷರು, ನಿರ್ದೇಶಕರು, ಕಾರ್ಯದರ್ಶಿಗಳ ಸೇವೆಯನ್ನು ಸ್ಮರಿಸುವುದು ವಾಡಿಕೆ. ಅದು ಆಗಬೇಕಾದದ್ದೇ. ಆದರೆ ನಸುಕಿನಲ್ಲಿ ನಾವು ಪಾತ್ರೆ ಹಿಡಿದು ಡೈರಿ ಮುಂದೆ ಸಾಲು ನಿಂತಾಗ, ಮಂಜಿನೊಳಗಿಂದ ಹಾರ್ನ್ ಹೊಡೆಯುತ್ತಾ ಬರುತ್ತಿದ್ದ ವ್ಯಾನಿನ ಡ್ರೈವರು, ಕ್ಲೀನರುಗಳನ್ನು ನಾವು ಯಾವತ್ತೂ ವೇದಿಕೆಗೆ ಕರೆದವರಲ್ಲ. ಈ ನಾಲ್ಕು ಮಾತು ಅವರು ಸವೆಸಿದ ದಾರಿಯ ಚರಿತ್ರೆ.

ಸಹಕಾರ ನಮ್ಮ ನಾಡಿಗೆ ಹೊಸದಲ್ಲ. 1905ರಲ್ಲೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಮೊದಲ ಸಂಘ ಕಟ್ಟಿದರು. ಹಾಲಿನ ಸಹಕಾರ ನಮ್ಮ ಕಡೆ ಬೇರು ಬಿಟ್ಟದ್ದು ಬಹಳ ತಡವಾಗಿ. ಬೆಂಗಳೂರು ಡೈರಿಯನ್ನು 1965ರ ಜನವರಿ 23ರಂದು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಉದ್ಘಾಟಿಸಿದರು. ವಿಶ್ವಬ್ಯಾಂಕಿನ ನೆರವಿನಿಂದ 1974ರಲ್ಲಿ ಹೈನು ಅಭಿವೃದ್ಧಿ ನಿಗಮ ಬಂತು. 1984ರಲ್ಲಿ ಅದೇ ಕರ್ನಾಟಕ ಹಾಲು ಮಹಾಮಂಡಳವಾಯಿತು. ಊರೂರಿಗೆ ಸಂಘ, ಸಂಘಕ್ಕೆ ಎರಡು ಹೊತ್ತು ಹಾಲು, ಆ ಹಾಲು ಸಾಗಿಸಲು ರೂಟ್ ವ್ಯಾನು. ಹೀಗೆ ನಮ್ಮ ಕೊಟ್ಟಿಗೆಗೂ ಬೆಂಗಳೂರಿನ ಕಾಫಿ ಲೋಟಕ್ಕೂ ನಂಟು ಬೆಳೆಯಿತು.

ಈ ನಂಟಿನಲ್ಲಿ ಒಂದು ಆತುರವೂ ಸೇರಿತ್ತು. ಕರೆದ ಹಾಲು ಬೆಚ್ಚಗಿರುತ್ತದೆ. ತಂಪು ಮಾಡದೆ ಇಟ್ಟರೆ ಕೆಲವೇ ಗಂಟೆಗಳಲ್ಲಿ ಹುಳಿಯಾಗುತ್ತದೆ. ಕ್ಯಾನು ಹುಳಿ ಬಂದು ವಾಪಸಾದರೆ ನಷ್ಟ ಉತ್ಪಾದಕರದ್ದು. ಹಾಗಾಗಿ ವ್ಯಾನು ಐದು ನಿಮಿಷ ತಡವಾದರೂ ನಮ್ಮ ಗೊಣಗಾಟ ಶುರು.

ಆನೇಕಲ್ ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಗುಲಿದ ಗಾಳಿಯಲ್ಲಿನ ತೇವ ಮಂಜಾಗುತ್ತದೆ. ಕೆರೆಗಳ ಅಂಗಳ, ತಗ್ಗಿನ ಗದ್ದೆ, ಏರಿಯ ತಿರುವುಗಳಲ್ಲಿ ಅದು ದಟ್ಟವಾಗಿ ನಿಲ್ಲುತ್ತದೆ. ಅದೇ ಹೊತ್ತಿಗೆ ರಾಗಿ ಕಟಾವು. ದಾರಿಯ ಮೇಲೆ ರಾಗಿ ಹುಲ್ಲು ಹರಡಿ ಗಾಡಿ ಚಕ್ರದಲ್ಲೇ ಕಾಳು ಬಿಡಿಸುವ ಅಭ್ಯಾಸ ನಮ್ಮದು. ಹಿಂದೆ ದೀಪವಿಲ್ಲದ ಎತ್ತಿನ ಗಾಡಿ ಬೇರೆ. ಬನ್ನೇರುಘಟ್ಟ ಕಾಡಿನ ಅಂಚಿನಲ್ಲಾದರೆ ಆನೆಯೂ ಅಡ್ಡ ಬಂದೀತು.

ಇಂಥ ದಾರಿಯಲ್ಲಿ ನುರಿತ ಡ್ರೈವರುಗಳಿಂದ ನಾವು ಕಲಿತದ್ದು ಬಹಳ. ಮಂಜಿನಲ್ಲಿ ಹೈ ಬೀಮ್ ಹಾಕಬಾರದು. ಬೆಳಕು ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸು ಬಂದು ಬಿಳಿ ಗೋಡೆಯಂತೆ ಕಾಣುತ್ತದೆ. ಡಿಮ್ ಲೈಟಿನಲ್ಲಿ ರಸ್ತೆಯ ಎಡ ಅಂಚು ನೋಡಿಕೊಂಡು ಹೋಗಬೇಕು. ಪಕ್ಕದ ಗಾಜು ಸ್ವಲ್ಪ ಇಳಿಸಿದರೆ ಎದುರಿನ ಗಾಡಿಯ ಸದ್ದು ಕೇಳುತ್ತದೆ, ಒಳಗಡೆ ಉಸಿರಿನ ತೇವವೂ ಕಟ್ಟುವುದಿಲ್ಲ. ದಾರಿ ಅನುಮಾನವಾದರೆ ಕ್ಲೀನರು ಇಳಿದು ಮುಂದೆ ನಡೆಯುತ್ತಿದ್ದ. ನಿಲ್ಲಿಸಲೇಬೇಕಾದರೆ ರಸ್ತೆ ಬಿಟ್ಟು ಪಕ್ಕಕ್ಕೆ ಇಳಿಸಿಯೇ ನಿಲ್ಲಿಸುತ್ತಿದ್ದರು.

ಲೆಕ್ಕವೂ ಸರಳ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಎದುರಿಗೆ ಏನೋ ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲೇ ಆ 11 ಮೀಟರ್ ಮುಗಿದಿರುತ್ತದೆ. ಆಮೇಲೆ ಗಾಡಿ ನಿಲ್ಲಲು ಇನ್ನೂ ಅಷ್ಟು ದೂರ ಬೇಕು; ರಸ್ತೆ ಒದ್ದೆಯಿದ್ದರೆ ಅದಕ್ಕಿಂತ ಹೆಚ್ಚು. ಕಣ್ಣಿಗೆ ಹದಿನೈದು ಮೀಟರ್ ಮಾತ್ರ ಕಾಣುವಾಗ 40ರಲ್ಲಿ ಹೋಗುವವನು ಕಣ್ಣು ಮುಚ್ಚಿ ಹೋದಂತೆಯೇ. ಕಂಡಷ್ಟು ದೂರದೊಳಗೆ ನಿಲ್ಲುವ ವೇಗವೇ ಸರಿಯಾದ ವೇಗ.

ಒಂದು ಚಳಿಗಾಲದ ಬೆಳಿಗ್ಗೆ ನಮ್ಮ ರೂಟಿನ ವ್ಯಾನು ರಾಗಿ ಹುಲ್ಲಿನ ರಾಶಿ ತಪ್ಪಿಸಲು ಹೋಗಿ ಕೆರೆ ಏರಿಯ ಪಕ್ಕಕ್ಕೆ ವಾಲಿತು. ದೇವರ ದಯೆ, ಪ್ರಾಣಕ್ಕೆ ಅಪಾಯವಾಗಲಿಲ್ಲ. ಸುದ್ದಿ ಬಂದಾಗ ಡೈರಿ ಕಟ್ಟೆ ಮೇಲಿದ್ದ ನಾವು ಮೊದಲು ಕೇಳಿದ ಮಾತು, "ಎಷ್ಟು ಕ್ಯಾನ್ ಹೋಯ್ತು?" ಡ್ರೈವರ್ ಹೇಗಿದ್ದಾನೆ ಅಂತ ಕೇಳಿದ್ದು ಆಮೇಲೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಚರಿತ್ರೆ ಅಂದಮೇಲೆ ಬರೆಯಬೇಕು. ಹುಲ್ಲು ಹರಡಿದವರು ನಾವು, ಅವಸರ ಮಾಡಿದವರೂ ನಾವು. ಬೈಗುಳ ಮಾತ್ರ ಅವನಿಗೆ.

ಆ ಆತುರಕ್ಕೆ ಮದ್ದು ಹೊಸ ರಸ್ತೆಯಿಂದ ಸಿಗಲಿಲ್ಲ. ಹಾಲು ತಂಪು ಮಾಡುವ ಯಂತ್ರದಿಂದ ಸಿಕ್ಕಿತು. ಬಲ್ಕ್ ಕೂಲರ್ ಬಂದ ಮೇಲೆ ಹಾಲು 4 ಡಿಗ್ರಿಗೆ ಇಳಿದು ಕಾಯುತ್ತದೆ. ಬಿಸಿಲೇರಿ ಮಂಜು ಕರಗುವವರೆಗೆ ಟ್ಯಾಂಕರ್ ಅರ್ಧ ಗಂಟೆ ನಿಂತರೂ ಯಾರ ಹಾಲೂ ಕೆಡುವುದಿಲ್ಲ. ಹಾಲು ಕಾಯಲು ಕಲಿತ ಮೇಲೆ ಡ್ರೈವರಿಗೂ ನಿಧಾನವಾಗಿ ಓಡಿಸುವ ಸ್ವಾತಂತ್ರ್ಯ ಬಂತು.

ಈಗ ಕಾಲ ಬದಲಾಗಿದೆ. 1978ರಲ್ಲಿ 332 ಎಕರೆಯಲ್ಲಿ ಆರಂಭವಾದ ಎಲೆಕ್ಟ್ರಾನಿಕ್ ಸಿಟಿ, ಆಮೇಲೆ ಬೊಮ್ಮಸಂದ್ರ, ಜಿಗಣಿಯ ಕಾರ್ಖಾನೆಗಳು. 2010ರಲ್ಲಿ ಹೊಸೂರು ರಸ್ತೆಗೆ ಮೇಲ್ಸೇತುವೆ. ನಮ್ಮ ಮಕ್ಕಳಲ್ಲಿ ಕೆಲವರು ಚಂದಾಪುರ, ಸರ್ಜಾಪುರದ ಅಪಾರ್ಟ್‌ಮೆಂಟುಗಳಿಗೆ ಬೈಕಿನಲ್ಲಿ ಸಾಮಾನು ತಲುಪಿಸುತ್ತಾರೆ. ಅಂದು ಡ್ರೈವರನ್ನು ಓಡಿಸುತ್ತಿದ್ದದ್ದು ಹುಳಿಯಾಗುವ ಹಾಲು. ಇಂದು ನಮ್ಮ ಮಕ್ಕಳನ್ನು ಓಡಿಸುತ್ತಿರುವುದು ಕೈಯಲ್ಲಿನ ಫೋನು. ಮಂಜು ಮಾತ್ರ ಅದೇ.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ: ರಾಗಿಯನ್ನು ಕಣದಲ್ಲೇ ಒಕ್ಕೋಣ. ಗಾಡಿ, ಟ್ರ್ಯಾಕ್ಟರ್ ಟ್ರೇಲರ್‌ಗಳ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸೋಣ. ಮಂಜಿದ್ದ ದಿನ ತಡವಾಗಿ ಬಂದವನಿಗೆ ಬೈಯದೆ, "ನಿಧಾನಕ್ಕೆ ಬಂದ್ಯಲ್ಲಪ್ಪ, ಒಳ್ಳೇದಾಯ್ತು" ಅನ್ನೋಣ. ಆ ಒಂದು ಮಾತೂ ಸಹಕಾರವೇ.