ಟ್ಯಾಂಗ್ರಾದ ಮಣ್ಣು, ಮರದ ಬೇರು ಮತ್ತು ಕ್ರೋಮಿಯಂ

ಕೋಲ್ಕತ್ತಾದಲ್ಲಿರೋ ನಮ್ಮ ಐಟಿ ಮಂದಿಗೆ ಟ್ಯಾಂಗ್ರಾ ಅಂದ್ರೆ ವೀಕೆಂಡಿನ ಚೈನೀಸ್ ಊಟ. ಆದರೆ ಆ ಹೋಟೆಲುಗಳು ಹೆಸರು ಮಾಡುವ ಮೊದಲು ಅಲ್ಲಿ ತುಂಬಿದ್ದದ್ದು ಹಕ್ಕಾ ಚೀನೀಯರ ಟ್ಯಾನರಿಗಳು, ಅಂದ್ರೆ ಚರ್ಮ ಹದ ಮಾಡುವ ಕಾರ್ಖಾನೆಗಳು. ಇವತ್ತು ಮಾತಾಡೋದು ಅವು ಬಿಟ್ಟುಹೋದ ಮಣ್ಣಿನ ಬಗ್ಗೆ, ಅಂಥ ಮಣ್ಣಲ್ಲಿ ಮರ ಹೇಗೆ ಬದುಕುತ್ತೆ ಅನ್ನೋದರ ಬಗ್ಗೆ.

ನಮ್ಮ ದಕ್ಷಿಣದ ಕಡೆ ಚರ್ಮ ಹದಕ್ಕೆ ಬಳಸುತ್ತಿದ್ದದ್ದು ತಂಗಡಿ ಗಿಡದ ತೊಗಟೆ. 20ನೇ ಶತಮಾನದ ಆರಂಭದಲ್ಲಿ ಕ್ರೋಮಿಯಂ ಲವಣದ ವಿಧಾನ ಬಂತು. ಮದ್ರಾಸಿನಲ್ಲಿ ಅದಕ್ಕಾಗಿ ದುಡಿದ ಆಲ್ಫ್ರೆಡ್ ಚಾಟರ್ಟನ್ ಅವರೇ ಆಮೇಲೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಹೊಸ ವಿಧಾನದಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಕೆಲವೇ ದಿನಗಳಲ್ಲಿ ಮುಗೀತಿತ್ತು. ಆದರೆ ಹಾಕಿದ ಕ್ರೋಮಿಯಂ ಎಲ್ಲವನ್ನೂ ಚರ್ಮ ಹೀರಿಕೊಳ್ಳಲ್ಲ. ಉಳಿದದ್ದು ನೀರಿನ ಜೊತೆ ಮೋರಿಗೆ, ಕಾಲುವೆಗೆ, ಮಣ್ಣಿಗೆ ಸೇರಿತು.

1996ರ ಡಿಸೆಂಬರ್ 19ರಂದು ಸುಪ್ರೀಂ ಕೋರ್ಟ್ ಟ್ಯಾಂಗ್ರಾ, ತಿಲ್ಜಲಾ, ತೋಪ್ಸಿಯಾ, ಪಗ್ಲಾ ಡಾಂಗಾದ ಸುಮಾರು 550 ಟ್ಯಾನರಿಗಳು ಊರಾಚೆಗೆ ಹೋಗಬೇಕು ಅಂತ ಆದೇಶಿಸಿತು. ಬಂತಾಲಾದಲ್ಲಿ ಲೆದರ್ ಕಾಂಪ್ಲೆಕ್ಸ್ ಎದ್ದಿತು. ಕಾರ್ಖಾನೆ ಜಾಗ ಬದಲಿಸಬಹುದು, ಮಣ್ಣು ಬದಲಿಸೋಕಾಗಲ್ಲ. ಕ್ರೋಮಿಯಂ ಒಂದು ಮೂಲಧಾತು. ಅದು ಕೊಳೆಯಲ್ಲ, ಕರಗಿ ಮಾಯವಾಗಲ್ಲ, ಅದಕ್ಕೆ ಡಿಲೀಟ್ ಬಟನ್ ಇಲ್ಲ.

ಹಾಗಾದ್ರೆ ಅಲ್ಲಿ ಮರ ನೆಟ್ಟರೆ? ಬೇರಿಗೆ ಬೇಕಾಗಿರೋದು ಸತು, ಕಬ್ಬಿಣ, ಗಂಧಕದಂಥ ಪೋಷಕಾಂಶ. ಅವುಗಳನ್ನು ಒಳಗೆ ತರಲು ಜೀವಕೋಶದ ಪೊರೆಯಲ್ಲಿ ಬಾಗಿಲುಗಳಿವೆ. ಸತುವಿನ ಬಾಗಿಲಲ್ಲೇ ಕ್ಯಾಡ್ಮಿಯಂ ನುಸುಳುತ್ತೆ. ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪ, ಅಂದ್ರೆ ಕ್ರೋಮಿಯಂ ಆರು, ಸಲ್ಫೇಟ್ ವೇಷದಲ್ಲಿ ಒಳಗೆ ಬರುತ್ತೆ. ಮರ ಸುಮ್ಮನೆ ಕೂರಲ್ಲ. ಕ್ರೋಮಿಯಂ ಆರನ್ನು ಬೇರಿನಲ್ಲೇ ಕಡಿಮೆ ಅಪಾಯದ ಕ್ರೋಮಿಯಂ ಮೂರಾಗಿ ಬದಲಿಸಿ, ಬಹುಪಾಲನ್ನು ಅಲ್ಲೇ ಕಟ್ಟಿಹಾಕುತ್ತೆ. ಕ್ಯಾಡ್ಮಿಯಂ ಬಂದರೆ ಫೈಟೋಕೆಲಾಟಿನ್ ಅನ್ನೋ ಸಣ್ಣ ಪೆಪ್ಟೈಡ್‌ಗಳು ಅದನ್ನು ಹಿಡಿದು ಕೋಶದ ರಸದಾನಿಗೆ ತಳ್ಳುತ್ತವೆ. ನಮ್ಮ ಭಾಷೆಯಲ್ಲಿ ಕ್ವಾರಂಟೈನ್ ಫೋಲ್ಡರ್. ಆದರೂ ಒಂದಷ್ಟು ಕ್ಯಾಡ್ಮಿಯಂ ಎಲೆವರೆಗೆ ಏರುತ್ತೆ. ಲೋಹ ಹೀರೋದನ್ನೇ ಸ್ವಭಾವ ಮಾಡಿಕೊಂಡ ಮರಗಳೂ ಇವೆ. ಪೆಸಿಫಿಕ್‌ನ ನ್ಯೂ ಕ್ಯಾಲೆಡೋನಿಯಾ ದ್ವೀಪದ ಒಂದು ಮರದ ಹಾಲಿನಲ್ಲಿ ಎಷ್ಟು ನಿಕ್ಕಲ್ ಇದೆ ಅಂದ್ರೆ, ಹಾಲು ನೀಲಿ ಹಸಿರು ಬಣ್ಣಕ್ಕಿದೆ. ಇದು 1976ರಲ್ಲಿ ಪ್ರಕಟವಾಯ್ತು.

ಎಲ್ಲಾ ಮರ ಹಾಗಲ್ಲ. ಬೇವು, ಆಲ ನೆಟ್ಟುಬಿಟ್ಟರೆ ಮಣ್ಣು ಶುದ್ಧವಾಯ್ತು ಅಂತಲ್ಲ. ಮರ ಧೂಳು ಏಳದಂತೆ ಮಣ್ಣು ಹಿಡಿಯುತ್ತೆ, ಲೋಹವನ್ನು ಬೇರಲ್ಲಿ ತಡೆಯುತ್ತೆ. ಅದೇ ದೊಡ್ಡ ಉಪಕಾರ. ಆದರೆ ಉದುರಿದ ಎಲೆ ಲೋಹವನ್ನು ಮತ್ತೆ ಮೇಲ್ಮಣ್ಣಿಗೆ ತರುತ್ತೆ, ಆ ಎಲೆ ಸುಟ್ಟರೆ ಅದು ಬೂದಿಗೆ, ಹೊಗೆಗೆ ಹೋಗುತ್ತೆ. ಅದನ್ನು ಮೊದಲು ಉಸಿರಾಡೋರು ಕಸ ಗುಡಿಸೋ ಜನ.

ನಮ್ಮ ಕಂಪನಿಗಳು ಸಿಎಸ್‌ಆರ್ ಹೆಸರಲ್ಲಿ ಗಿಡ ನೆಡ್ತವೆ, ನಾನೂ ನೆಟ್ಟಿದ್ದೀನಿ. ಮುಂದಿನ ಸಲ ಫೋಟೋಕ್ಕೆ ನಿಲ್ಲೋ ಮೊದಲು ಮೂರು ಪ್ರಶ್ನೆ ಕೇಳಿ: ಈ ಜಾಗದಲ್ಲಿ ಹಿಂದೆ ಏನಿತ್ತು? ಮಣ್ಣು ಪರೀಕ್ಷೆ ಆಗಿದೆಯಾ? ಎಲೆ, ಹಣ್ಣು, ಸೌದೆ ಎಲ್ಲಿಗೆ ಹೋಗುತ್ತೆ? ಮರ ತನ್ನ ಪಾಲಿನ ಕೆಲಸ ಮಾಡುತ್ತೆ. ಲೆಕ್ಕ ಇಡೋ ಕೆಲಸ ನಮ್ಮದು.

ನಿಮ್ಮ ಬಡಾವಣೆಯ ನೆಲದಲ್ಲಿ ಮೊದಲು ಏನಿತ್ತು? ಕಾಮೆಂಟ್‌ನಲ್ಲಿ ತಿಳಿಸಿ. ಸಿಗೋಣ.